ವಿದೇಶದಲ್ಲಿ ಲೇಸರ್ ಮಾಡಿಸಿಕೊಂಡರೆ ಅಂಕಿಗಳ ಚೀಟಿ ಕೇಳಿ ತನ್ನಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಬೇಸಿಗೆ ರಜೆ ಹತ್ತಿರ ಬಂದಂತೆ ಪತ್ರಿಕೆಗಳಲ್ಲಿ ಬ್ಯಾಂಕಾಕ್, ಸಿಂಗಪುರ, ದುಬೈ, ದಕ್ಷಿಣ ಕೊರಿಯಾ ಪ್ರವಾಸದ ಜಾಹೀರಾತುಗಳು ಹೆಚ್ಚಾಗುತ್ತವೆ. ದೇವನಹಳ್ಳಿಯ ವಿಮಾನ ನಿಲ್ದಾಣ ಚಿಕ್ಕಬಳ್ಳಾಪುರದವರಿಗೆ ಮನೆ ಬಾಗಿಲಿದ್ದಂತೆ. ತುಮಕೂರು, ಕೋಲಾರದವರಿಗೂ ದೂರವೇನಲ್ಲ. ಐದಾರು ದಿನದ ಪ್ರವಾಸದಲ್ಲಿ ಒಂದು ಮಧ್ಯಾಹ್ನ ಬಿಡುವು ಸಿಕ್ಕರೆ ಮಾಲ್‌ನಲ್ಲಿರುವ ಚರ್ಮದ ಕ್ಲಿನಿಕ್‌ಗೆ ಹೋಗಿ ಲೇಸರ್ ಮಾಡಿಸಿಕೊಂಡು ಬರುವುದು ನಮ್ಮ ಕಡೆಯವರಿಗೂ ಈಗ ಹೊಸದಲ್ಲ. ಕೆನ್ನೆಯ ಬಂಗಿಗೆ, ಮೊಡವೆಯ ಗುಳಿಗೆ, ಗದ್ದದ ಕೂದಲಿಗೆ, ಹಳೆಯ ಹಚ್ಚೆಗೆ. ಮಾಡಿಸಿಕೊಳ್ಳಲೇಬೇಡಿ ಎನ್ನುವುದು ನಮ್ಮ ಮಾತಲ್ಲ. ಆ ದೇಶಗಳ ಒಳ್ಳೆಯ ಕ್ಲಿನಿಕ್‌ಗಳಲ್ಲಿ ಯಂತ್ರಗಳೂ ಚೆನ್ನಾಗಿವೆ, ಕೈಗಳೂ ಪಳಗಿವೆ. ಆದರೆ ಲೇಸರ್‌ನ ಫಲವಾಗಲಿ, ಪೆಟ್ಟಾಗಲಿ ಪೂರ್ತಿ ಕಾಣಿಸುವುದು ಎರಡು ಮೂರು ವಾರ ಕಳೆದ ಮೇಲೆ. ಅಷ್ಟರಲ್ಲಿ ಪ್ರವಾಸಿ ಊರಿಗೆ ಬಂದಾಗಿರುತ್ತದೆ. ಆಗ ನೋಡಬೇಕಾದ ಇಲ್ಲಿನ ವೈದ್ಯರಿಗೆ ಅಲ್ಲಿ ಯಾವ ಯಂತ್ರದಿಂದ ಏನು ಮಾಡಿದರು ಎಂಬುದು ಗೊತ್ತಾಗಬೇಕು. ಬಹಳ ಸಲ ಕೈಯಲ್ಲಿರುವುದು ಹಣ ಕಟ್ಟಿದ ರಸೀದಿ ಮಾತ್ರ. ಅದರಲ್ಲಿ ಪ್ಯಾಕೇಜಿನ ಚೆಂದದ ಹೆಸರಿರುತ್ತದೆಯೇ ಹೊರತು ಚಿಕಿತ್ಸೆಗೆ ಬೇಕಾದ ಒಂದು ಅಂಕಿಯೂ ಇರುವುದಿಲ್ಲ.

ಅದಕ್ಕೇ ಮೊದಲು ಚೀಟಿಯ ಮಾತು. ‘ಟ್ರೀಟ್‌ಮೆಂಟ್ ರೆಕಾರ್ಡ್ ಕೊಡಿ’ ಎಂದು ಕೇಳಿ. ಅದರಲ್ಲಿ ಯಂತ್ರದ ಹೆಸರು ಮತ್ತು ಮಾದರಿ ಇರಬೇಕು. ಬೆಳಕಿನ ತರಂಗಾಂತರ ಎಷ್ಟು ನ್ಯಾನೋಮೀಟರ್, ಸ್ಪಾಟ್ ಅಂದರೆ ಒಂದು ಹೊಡೆತಕ್ಕೆ ಬೆಳಕು ಬೀಳುವ ಜಾಗ ಎಷ್ಟು ಮಿಲಿಮೀಟರ್, ಫ್ಲೂಯೆನ್ಸ್ ಅಂದರೆ ಚದರ ಸೆಂಟಿಮೀಟರಿಗೆ ಎಷ್ಟು ಜೂಲ್, ಪಲ್ಸ್ ಅಂದರೆ ಬೆಳಕಿನ ಒಂದೊಂದು ಹೊಡೆತ ಎಷ್ಟು ಹೊತ್ತಿನದು, ಒಂದೇ ಜಾಗದ ಮೇಲೆ ಎಷ್ಟು ಪಾಸ್ ಅಂದರೆ ಎಷ್ಟು ಸುತ್ತು ಹೊಡೆದರು, ತಂಪು ಮಾಡಿದ್ದು ಹೇಗೆ, ಇಷ್ಟೂ ಬರೆದಿರಬೇಕು. ಮೊಡವೆ ಗುಳಿಗೆ ಮಾಡುವ, ಚುಕ್ಕಿ ಚುಕ್ಕಿಯಾಗಿ ಹೊಡೆಯುವ ಫ್ರಾಕ್ಷನಲ್ ಲೇಸರ್ ಆದರೆ ಪ್ರತಿ ಚುಕ್ಕಿಯ ಶಕ್ತಿ ಎಷ್ಟು ಮಿಲಿಜೂಲ್, ಚುಕ್ಕಿಗಳ ಸಾಂದ್ರತೆ ಶೇಕಡ ಎಷ್ಟು ಎಂಬುದೂ ಬೇಕು. ಯಂತ್ರದ ಪರದೆಯ ಮೇಲೆ ಇವೆಲ್ಲ ಎದ್ದು ಕಾಣುತ್ತವೆ. ಬರೆದುಕೊಡಲು ಎರಡು ನಿಮಿಷ ಸಾಕು. ಬರೆಯಲು ಬಿಡುವಿಲ್ಲ ಎಂದರೆ ಪರದೆಯ ಫೋಟೊ ತೆಗೆದುಕೊಳ್ಳಲು ಅನುಮತಿ ಕೇಳಿ. ಎರಡಕ್ಕೂ ಒಪ್ಪದ ಕಡೆ ಮಲಗಬೇಡಿ, ಎದ್ದು ಬನ್ನಿ. ಚಿಕಿತ್ಸೆಗೆ ಮುಂಚಿನ ಮುಖದ ಫೋಟೊ ಮೂರು ಕಡೆಯಿಂದ, ಕಿಟಕಿಯ ಬೆಳಕಿನಲ್ಲಿ, ಮೇಕಪ್ ಇಲ್ಲದೆ ನಿಮ್ಮ ಫೋನಿನಲ್ಲೂ ಇರಲಿ. ‘ಮೊದಲು ಹೀಗಿರಲಿಲ್ಲ’ ಎಂಬ ಮಾತಿಗೆ ಅದೊಂದೇ ಸಾಕ್ಷಿ.

ಈ ಅಂಕಿಗಳಿಗೆ ಅಷ್ಟೇಕೆ ಬೆಲೆ ಎಂದರೆ, ಲೇಸರ್ ಚರ್ಮದಲ್ಲಿ ಎಲ್ಲವನ್ನೂ ಸುಡುವುದಿಲ್ಲ, ಬಣ್ಣ ಹುಡುಕಿ ಸುಡುತ್ತದೆ. ಯಾವ ಬಣ್ಣ ಯಾವ ಬೆಳಕನ್ನು ಹೀರುತ್ತದೆಯೋ ಆ ಬೆಳಕನ್ನು, ಆ ಬಣ್ಣದ ಕಣ ತಣ್ಣಗಾಗುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ ಕೊಟ್ಟರೆ ಕಣ ಮಾತ್ರ ಒಡೆಯುತ್ತದೆ, ಅಕ್ಕಪಕ್ಕ ಉಳಿಯುತ್ತದೆ. ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ವೈದ್ಯರು 1983ರಲ್ಲಿ ಮಂಡಿಸಿದ ಈ ತತ್ವದ ಮೇಲೆಯೇ ಇಂದಿನ ಚರ್ಮದ ಲೇಸರ್‌ಗಳು ಬಹುಪಾಲು ನಿಂತಿವೆ. ಬಿಳಿ ಚರ್ಮದಲ್ಲಿ ಬಣ್ಣವಿರುವುದು ಕೂದಲಿನ ಬುಡದಲ್ಲಿ, ಹಚ್ಚೆಯಲ್ಲಿ, ಕಪ್ಪು ಚುಕ್ಕೆಯಲ್ಲಿ. ಸುತ್ತಲಿನ ಚರ್ಮ ಖಾಲಿ. ನಮ್ಮ ಚರ್ಮದಲ್ಲಿ ಹಾಗಲ್ಲ. ಮೇಲ್ಪದರದ ತುಂಬ ಮೆಲನಿನ್ ಎಂಬ ಬಣ್ಣದ ವಸ್ತು ಇದೆ, ಬೆಳಕು ಒಳಗಿನ ಗುರಿ ಮುಟ್ಟುವ ಮೊದಲೇ ಅದು ಪಾಲು ಕೇಳುತ್ತದೆ. ಫಿಟ್ಜ್‌ಪ್ಯಾಟ್ರಿಕ್ ಎಂಬ ಚರ್ಮತಜ್ಞರು 1975ರಲ್ಲಿ ಆರಂಭಿಸಿದ ಚರ್ಮದ ವರ್ಗೀಕರಣ ಈಗ ತೀರ ಬಿಳಿಯ 1ರಿಂದ ತೀರ ಕಪ್ಪಿನ 6ರವರೆಗೆ ಇದೆ. ಅದರಲ್ಲಿ ನಮ್ಮ ಮೂರೂ ಜಿಲ್ಲೆಗಳ ಬಹುತೇಕರು 4 ಅಥವಾ 5. ಕೊರಿಯಾದ ಕ್ಲಿನಿಕ್‌ನಲ್ಲಿ ದಿನವಿಡೀ ಬರುವವರು ಹೆಚ್ಚಾಗಿ 3, 4. ಅವರಿಗೆ ಹಿಡಿಸಿದ ಅಂಕಿಯನ್ನು 5ರ ಚರ್ಮಕ್ಕೆ ಹಾಗೇ ಒತ್ತಿದರೆ ಬೊಬ್ಬೆ ಏಳುತ್ತದೆ. ‘ನನ್ನದು ಫಿಟ್ಜ್‌ಪ್ಯಾಟ್ರಿಕ್ 5’ ಎಂದು ಹೇಳಲು ಕಲಿಯಿರಿ. ಕೇಳಿದವರು ಯಂತ್ರದ ಅಂಕಿ ಬದಲಿಸಿದರೇ ಎಂದು ನೋಡಿ.

ತರಂಗಾಂತರ ಉದ್ದವಾದಂತೆ ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ, ಬೆಳಕು ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಕೂದಲು ತೆಗೆಯಲು ನಮಗೆ ಹೆಚ್ಚು ಸುರಕ್ಷಿತವಾದದ್ದು 1064 ನ್ಯಾನೋಮೀಟರಿನ ಎನ್‌ಡಿ-ಯಾಗ್, ಅದರ ನಂತರ 800ರಿಂದ 810ರ ಡಯೋಡ್. ಅದೂ ಪಲ್ಸ್ ಉದ್ದವಾಗಿ, ಯಂತ್ರದ ತುದಿ ತಣ್ಣಗಿದ್ದರೆ ಮಾತ್ರ. ಬಿಳಿಯರಿಗೆ ಬಹಳ ಚೆನ್ನಾಗಿ ಹಿಡಿಸುವ 755ರ ಅಲೆಕ್ಸಾಂಡ್ರೈಟ್ ನಮ್ಮಲ್ಲಿ ಎಚ್ಚರದಿಂದ ಬಳಸಬೇಕಾದದ್ದು. 694ರ ರೂಬಿಯಿಂದ ಕೂದಲು ತೆಗೆಯುವುದು ನಮ್ಮ ಚರ್ಮಕ್ಕೆ ಬೇಡವೇ ಬೇಡ. ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್) ಎನ್ನುವುದು ಲೇಸರ್ ಅಲ್ಲ. ಅದು ಸುಮಾರು 500ರಿಂದ 1200ರವರೆಗಿನ ಎಲ್ಲ ಬೆಳಕನ್ನೂ ಒಟ್ಟಿಗೆ ಎಸೆಯುವ ದೀಪ, ಫಿಲ್ಟರ್ ಹಾಕಿ ಕೆಳಗಿನದನ್ನು ತಡೆಯುತ್ತಾರೆ. ಬಿಳಿಯರಿಗೆ ಹಾಕುವ 515 ಅಥವಾ 560ರ ಫಿಲ್ಟರನ್ನು ಬದಲಿಸದೆ ನಮ್ಮವರ ಕಾಲಿಗೆ ಹೊಡೆದರೆ ಯಂತ್ರದ ತುದಿಯ ಗಾಜಿನ ಆಕಾರದಲ್ಲೇ ಆಯತಾಕಾರದ ಸುಟ್ಟ ಪಟ್ಟಿ ಮೂಡುತ್ತದೆ. ಆ ಪಟ್ಟಿ ಕಂಡರೆ ಯಂತ್ರ ಯಾವುದಿರಬಹುದೆಂದು ಊಹಿಸಬಹುದು. ಆದರೆ ಊಹೆಯ ಮೇಲೆ ಚಿಕಿತ್ಸೆ ಮುಂದುವರಿಸಲಾಗದು.

ಕೂದಲಿನ ವಿಷಯದಲ್ಲಿ ಪ್ರವಾಸಿಗಳಿಗೆ ಆಗುವ ದೊಡ್ಡ ನಷ್ಟ ಸುಟ್ಟ ಗಾಯವಲ್ಲ, ಅರ್ಧಕ್ಕೆ ನಿಂತ ಚಿಕಿತ್ಸೆ. ಲೇಸರ್‌ಗೆ ಬೀಳುವುದು ಬೆಳೆಯುವ ಹಂತದಲ್ಲಿರುವ ಕೂದಲು ಮಾತ್ರ. ಒಂದೇ ದಿನ ಎಲ್ಲ ಕೂದಲೂ ಆ ಹಂತದಲ್ಲಿ ಇರುವುದಿಲ್ಲ. ಆದ್ದರಿಂದ ಮುಖಕ್ಕೆ ಸುಮಾರು 4 ವಾರ, ಕೈಕಾಲಿಗೆ 6ರಿಂದ 8 ವಾರ ಬಿಟ್ಟು ಆರೆಂಟು ಸಲ ಮಾಡಬೇಕು. ಒಂದು ಸಲ ಬ್ಯಾಂಕಾಕ್‌ನಲ್ಲಿ ಮಾಡಿಸಿಕೊಂಡು ಬಂದರೆ ಎರಡು ವಾರದಲ್ಲಿ ಕೂದಲು ಉದುರಿ ಸಂತೋಷವಾಗುತ್ತದೆ, ಆಮೇಲೆ ಮತ್ತೆ ಹುಟ್ಟುತ್ತದೆ. ಗದ್ದ, ಕೆನ್ನೆಯ ಅಂಚು, ಕತ್ತಿನ ಸಣ್ಣ ರೋಮಕ್ಕೆ ಹೆದರಿ ಹೆದರಿ ಕಡಿಮೆ ಶಕ್ತಿಯಲ್ಲಿ ಹೊಡೆದರೆ ಇನ್ನೊಂದು ತೊಂದರೆಯೂ ಇದೆ. ಸತ್ತು ಹೋಗಬೇಕಾದ ರೋಮ ದಪ್ಪಗಾಗಿ ಬೆಳೆಯತೊಡಗುತ್ತದೆ. ಪಿಸಿಓಎಸ್ ಎಂಬ ಅಂಡಾಶಯ, ಹಾರ್ಮೋನಿನ ತೊಂದರೆ ಇರುವ ಕಂದುಬಣ್ಣದ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಅಂಥವರು ಮೊದಲು ಊರಲ್ಲೇ ಹಾರ್ಮೋನ್ ತಪಾಸಣೆ ಮಾಡಿಸಿ, ಹತ್ತಿರದಲ್ಲೇ ಎಲ್ಲ ಸರದಿಯೂ ಮುಗಿಯುವ ಕಡೆ ಲೇಸರ್ ಶುರು ಮಾಡುವುದು ಮೇಲು. ನರೆತ ಕೂದಲಿಗೆ ಬಣ್ಣವೇ ಇಲ್ಲ, ಅದಕ್ಕೆ ಯಾವ ದೇಶದ ಲೇಸರೂ ಹಿಡಿಯದು.

ಬಂಗಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ವಿದೇಶದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಮೊದಲು ತೋರಿಸುವುದೇ ‘ಲೇಸರ್ ಟೋನಿಂಗ್’. ಬಹಳ ಕಿರಿದಾದ ಹೊಡೆತ ಕೊಡುವ 1064ರ ಕ್ಯೂ-ಸ್ವಿಚ್ ಲೇಸರನ್ನು 6ರಿಂದ 8 ಮಿಲಿಮೀಟರಿನ ದೊಡ್ಡ ಸ್ಪಾಟ್‌ನಲ್ಲಿ, ಚದರ ಸೆಂಟಿಮೀಟರಿಗೆ ಸುಮಾರು 1.5ರಿಂದ 3 ಜೂಲ್‌ನಷ್ಟು ಕಡಿಮೆ ಶಕ್ತಿಯಲ್ಲಿ ಮುಖದ ಮೇಲೆಲ್ಲ ಆಡಿಸುತ್ತಾರೆ. ನೋವಿಲ್ಲ, ಹಕ್ಕಳೆ ಕಟ್ಟುವುದಿಲ್ಲ, ಸಂಜೆ ಊಟಕ್ಕೆ ಹೊರಗೆ ಹೋಗಬಹುದು. ಆಕರ್ಷಣೆ ಇರುವುದು ಅಲ್ಲೇ. ಆದರೆ ಇದು ವಾರ ಎರಡು ವಾರಕ್ಕೊಮ್ಮೆ, ಐದರಿಂದ ಹತ್ತು ಸಲ ಮಾಡುವ ಕೆಲಸ. ನಿಲ್ಲಿಸಿದ ಕೆಲವು ತಿಂಗಳಲ್ಲಿ ಬಂಗು ಮರಳುವುದೇ ಹೆಚ್ಚು. ಐದು ದಿನದ ಪ್ರವಾಸದಲ್ಲಿ ಮೂರು ಸಲ ಮಾಡಿ ಮುಗಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಹತ್ತಿರ ಹತ್ತಿರದ ಸರದಿಗಳಿಂದ, ಮತ್ತೆ ಮತ್ತೆ ಅದೇ ಜಾಗಕ್ಕೆ ಹೊಡೆಯುವುದರಿಂದ ಬಣ್ಣದ ಕೋಶಗಳು ಸೋತು ಕೆನ್ನೆಯ ಮೇಲೆ ಅಕ್ಕಿ ನುಚ್ಚು ಚೆಲ್ಲಿದಂತೆ ಬಿಳಿ ಚುಕ್ಕೆಗಳು ಏಳುತ್ತವೆ. ಅವನ್ನು ಸರಿಪಡಿಸುವುದು ಬಂಗನ್ನು ಸರಿಪಡಿಸುವುದಕ್ಕಿಂತ ಕಷ್ಟ. ಒಂದೇ ಒಂದು ಬಿಳಿ ಚುಕ್ಕೆ ಕಂಡರೂ ಟೋನಿಂಗ್ ನಿಲ್ಲಿಸಬೇಕು.

ಬಂಗಿಗೆ ಬಿಸಿಲಷ್ಟೇ ಅಲ್ಲ, ಶಾಖವೂ ಆಗದು. ಶಿಡ್ಲಘಟ್ಟದ ರೇಷ್ಮೆ ರೀಲಿಂಗ್‌ನಲ್ಲಿ ಬಿಸಿನೀರಿನ ಬಾಂಡಲಿಯ ಮುಂದೆ ಕೂರುವವರಿಗೆ, ಒಲೆಯ ಮುಂದೆ ದಿನವಿಡೀ ನಿಲ್ಲುವವರಿಗೆ, ಮುಳಬಾಗಿಲು, ಶ್ರೀನಿವಾಸಪುರದ ತೋಟಗಳಲ್ಲಿ ಟೊಮೆಟೊ ಬಿಡಿಸುವವರಿಗೆ ಕಾರಣ ದಿನವೂ ಎದುರಿಗೇ ಇದೆ. ಅದರ ಜೊತೆಗೆ ನಮ್ಮ ಮೂರೂ ಜಿಲ್ಲಾ ಕೇಂದ್ರಗಳು ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಎತ್ತರದಲ್ಲಿವೆ. ಗಾಳಿ ತಂಪಾಗಿದ್ದರೂ ಬಿಸಿಲಿನ ಅತಿನೇರಳೆ ಕಿರಣ ತೀಕ್ಷ್ಣವಾಗಿಯೇ ಇರುತ್ತದೆ. ಇಂಥ ಊರಿಗೆ ಮರಳುವವರಿಗೆ ಬಂಗಿನ ಮೊದಲ ಚಿಕಿತ್ಸೆ ಲೇಸರ್ ಅಲ್ಲ. ದಿನವೂ ಸನ್‌ಸ್ಕ್ರೀನ್, ವೈದ್ಯರು ಅವಧಿ ನಿಗದಿ ಮಾಡಿ ಕೊಡುವ ಕಲೆ ತಿಳಿಯಾಗಿಸುವ ಹೈಡ್ರೋಕ್ವಿನೋನ್ ಬೆರೆತ ಕ್ರೀಮ್, ಅದರ ಮೇಲೆ ತಾಳ್ಮೆ. ಕಬ್ಬಿಣದ ಆಕ್ಸೈಡ್ ಇರುವ, ಮಣ್ಣಿನ ಬಣ್ಣದ ಸನ್‌ಸ್ಕ್ರೀನ್ ಬಂಗಿಗೆ ಹೆಚ್ಚು ಒಳ್ಳೆಯದು, ಅದು ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಬಂಗಿಗೆಂದು ಕೆಲವು ಕಡೆ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯನ್ನೂ ಕೊಟ್ಟು ಕಳಿಸುತ್ತಾರೆ. ಅದು ರಕ್ತ ಹೆಪ್ಪುಗಟ್ಟುವ ಕಡೆಗೆ ಎಳೆಯುವ ಔಷಧ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು, ಹಿಂದೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರು ಅದನ್ನು ನುಂಗಿ ಆರೇಳು ಗಂಟೆ ವಿಮಾನದಲ್ಲಿ ಕಾಲು ಮಡಚಿ ಕೂರುವುದು ಅಪಾಯ. ಊರಿಗೆ ಬಂದು ವೈದ್ಯರನ್ನು ಕೇಳಿ ಆಮೇಲೆ ಶುರು ಮಾಡಿದರೆ ಏನೂ ಮುಳುಗುವುದಿಲ್ಲ.

ಇಲ್ಲಿ ಒಂದು ಮಾತು ಖಂಡಿತವಾಗಿ ಹೇಳಬೇಕು. ಯಾವ ಲೇಸರೂ ಹುಟ್ಟುಬಣ್ಣವನ್ನು ಶಾಶ್ವತವಾಗಿ ಬದಲಿಸುವುದಿಲ್ಲ. ಕಲೆ ತಿಳಿಯಾಗಬಹುದು, ಗುಳಿ ತುಂಬಬಹುದು, ಕೂದಲು ಕಡಿಮೆಯಾಗಬಹುದು. ‘ಮದುವೆಗೆ ಮುಂಚೆ ಬೆಳ್ಳಗೆ ಮಾಡಿಕೊಡುತ್ತೇವೆ’ ಎನ್ನುವ ಪ್ಯಾಕೇಜು ಹುಡುಗಿಯರ ಮನಸ್ಸಿಗೂ ಚರ್ಮಕ್ಕೂ ಮಾಡುವ ಅನ್ಯಾಯ. ಅದನ್ನು ಕೊಳ್ಳಲು ಹಣ ಕೊಡುವ ಮನೆಯವರೂ ಇದನ್ನು ಯೋಚಿಸಬೇಕು.

ಮೊಡವೆ ಗುಳಿಗೆ ಮಾಡುವ ಫ್ರಾಕ್ಷನಲ್ ಸಿಓ2 ಲೇಸರ್ 10,600 ನ್ಯಾನೋಮೀಟರಿನದು. ಇದು ಬಣ್ಣವನ್ನಲ್ಲ, ನೀರನ್ನು ಹುಡುಕುತ್ತದೆ. ಚರ್ಮದಲ್ಲಿ ಸೂಜಿ ಚುಚ್ಚಿದಂತೆ ಸಾವಿರಾರು ಸಣ್ಣ ರಂಧ್ರ ಸುಡುತ್ತದೆ. ಮೊದಲೆರಡು ದಿನ ಊತ, ಉರಿ. ಮೂರನೇ ದಿನದಿಂದ ಕಂದು ಹಕ್ಕಳೆ, ಐದರಿಂದ ಏಳನೇ ದಿನಕ್ಕೆ ಉದುರುತ್ತದೆ. ಪ್ರವಾಸದ ಮೊದಲ ದಿನ ಮಾಡಿಸಿದರೆ ಪ್ರವಾಸ ಕೆಡುತ್ತದೆ, ಕೊನೆಯ ದಿನ ಮಾಡಿಸಿದರೆ ಊದಿದ ಮುಖ ಹೊತ್ತು ವಿಮಾನದ ಒಣಗಾಳಿಯಲ್ಲಿ ಬರಬೇಕು. ನಮ್ಮ ಚರ್ಮದಲ್ಲಿ ಸಾಂದ್ರತೆ ಕಡಿಮೆ ಇಟ್ಟು, ನಾಲ್ಕಾರು ವಾರದ ಅಂತರದಲ್ಲಿ ಹೆಚ್ಚು ಸಲ ಮಾಡುವುದೇ ಸರಿ. ಪ್ರವಾಸಿ ಮತ್ತೆ ಬರುವುದಿಲ್ಲವೆಂದು ಒಂದೇ ಸಲಕ್ಕೆ ಸಾಂದ್ರತೆ ಏರಿಸಿದರೆ ತಿಂಗಳುಗಟ್ಟಲೆ ಕಪ್ಪು ಕಲೆ ಖಚಿತವೆಂದೇ ಹೇಳಬೇಕು. ತುಟಿಯ ಮೇಲೆ ಆಗಾಗ ಜ್ವರದ ಗುಳ್ಳೆ ಏಳುವವರು ಅದನ್ನು ಮೊದಲೇ ತಿಳಿಸಬೇಕು. ಅಂಥವರಿಗೆ ಹಿಂದಿನ ದಿನದಿಂದಲೇ ಅಸೈಕ್ಲೋವಿರ್ ಅಥವಾ ವ್ಯಾಲಸೈಕ್ಲೋವಿರ್ ಶುರು ಮಾಡದಿದ್ದರೆ ಹರ್ಪಿಸ್ ವೈರಾಣು ಹಸಿ ಚರ್ಮದ ಮೇಲೆಲ್ಲ ಹರಡಬಹುದು.

ಹಚ್ಚೆಯ ವಿಷಯಕ್ಕೆ ಬಂದರೆ, ನಮ್ಮ ಹಳ್ಳಿಗಳ ಅಜ್ಜಿಯರ ಮುಂಗೈಯಲ್ಲಿರುವ ಹಸಿರು ನೀಲಿ ಹಚ್ಚೆಯೂ ಯುವಕರ ಕಪ್ಪು ಟ್ಯಾಟೂವೂ 1064ರ ಕ್ಯೂ-ಸ್ವಿಚ್ ಅಥವಾ ಅದಕ್ಕಿಂತಲೂ ಕಿರಿದಾದ ಹೊಡೆತದ ಪಿಕೊ ಲೇಸರ್‌ಗೆ ಸಾಮಾನ್ಯವಾಗಿ ಒಪ್ಪುತ್ತವೆ. ಆರೆಂಟು ವಾರ ಬಿಟ್ಟು ಹಲವು ಸಲ ಬೇಕು. ಹಚ್ಚೆಗೆ ಐಪಿಎಲ್ ಹೊಡೆಸಬಾರದು, ಗಾಯ ಬಿದ್ದು ಕಲೆ ಉಳಿಯುತ್ತದೆ. ಹುಬ್ಬಿಗೆ, ತುಟಿಗೆ ಪರ್ಮನೆಂಟ್ ಮೇಕಪ್ ಮಾಡಿಸಿಕೊಂಡವರು ಅದರ ಹತ್ತಿರಕ್ಕೆ ಲೇಸರ್ ಬರಲು ಬಿಡಬೇಡಿ. ಅದರ ಬಿಳಿ ಮತ್ತು ಕೆಂಪು ಬಣ್ಣದಲ್ಲಿರುವ ಟೈಟಾನಿಯಂ, ಕಬ್ಬಿಣದ ಆಕ್ಸೈಡ್ ಒಂದೇ ಹೊಡೆತಕ್ಕೆ ಕಪ್ಪಾಗುತ್ತವೆ. ಇನ್ನು ಮಚ್ಚೆ. ಇತ್ತೀಚೆಗೆ ದೊಡ್ಡದಾದ, ಬಣ್ಣ ಬದಲಿಸಿದ, ರಕ್ತ ಒಸರುವ ಮಚ್ಚೆಯನ್ನು ಪರೀಕ್ಷೆ ಇಲ್ಲದೆ ಸುಡಿಸಿಕೊಂಡರೆ ಕ್ಯಾನ್ಸರ್ ಇದ್ದರೂ ಅದರ ಗುರುತೇ ಅಳಿಸಿಹೋಗುತ್ತದೆ.

ಪ್ರವಾಸ ಹೊರಡುವ ಮುಂಚೆಯೇ ಕೆಲವು ಕೆಲಸ ಆಗಬೇಕು. ಕೂದಲಿಗಾದರೆ ನಾಲ್ಕು ವಾರ ವ್ಯಾಕ್ಸಿಂಗ್, ಥ್ರೆಡಿಂಗ್ ಬೇಡ, ಕೂದಲು ಬುಡಸಮೇತ ಬಂದರೆ ಲೇಸರ್‌ಗೆ ಗುರಿಯೇ ಇರುವುದಿಲ್ಲ. ಹಿಂದಿನ ದಿನ ಶೇವ್ ಮಾಡಿಕೊಳ್ಳಿ. ಮೇಲೆ ಉದ್ದ ಕೂದಲು ಬಿಟ್ಟರೆ ಅದು ಚರ್ಮದ ಮೇಲೇ ಉರಿದು ಗೆರೆ ಎಳೆಯುತ್ತದೆ. ಮೆಡಿಕಲ್ ಶಾಪಿನಿಂದ ತಂದು ಹಚ್ಚುವ ‘ಬಿಳಿಯಾಗಿಸುವ’ ಕ್ರೀಮಿನ ಟ್ಯೂಬ್ ತಿರುಗಿಸಿ ಓದಿ. ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. 2018ರಲ್ಲಿಯೇ ಸರ್ಕಾರ ಇಂಥ ಮುಲಾಮುಗಳನ್ನು ಶೆಡ್ಯೂಲ್ ಹೆಚ್‌ಗೆ ಸೇರಿಸಿ ವೈದ್ಯರ ಚೀಟಿ ಕಡ್ಡಾಯ ಮಾಡಿದೆ. ಆದರೂ ಚೀಟಿ ಇಲ್ಲದೆ ಸಿಗುವುದು ನಿಂತಿಲ್ಲ. ತಿಂಗಳುಗಟ್ಟಲೆ ಅದನ್ನು ಹಚ್ಚಿದ ಮುಖದ ಚರ್ಮ ತೆಳುವಾಗಿ, ಕೆಂಪು ನಾಳ ಎದ್ದು ನಿಂತಿರುತ್ತದೆ. ಅಂಥ ಮುಖಕ್ಕೆ ಲೇಸರ್ ತಾಗಿಸಬಾರದು, ಮೊದಲು ವೈದ್ಯರ ಬಳಿ ಕ್ರೀಮ್ ಬಿಡಿಸಿಕೊಳ್ಳಬೇಕು. ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ನಿಂಬೆಯ ರಸಕ್ಕೆ ಬಿಸಿಲು ಸೇರಿದರೆ ಲೇಸರ್ ಇಲ್ಲದೆಯೇ ಸುಡುತ್ತದೆ.

ನುಂಗುವ ಔಷಧಗಳ ಪಟ್ಟಿಯೂ ಜೇಬಿನಲ್ಲಿರಲಿ. ಮಲೇರಿಯಾ ಇರುವ ದೇಶಕ್ಕೆ ಹೋಗುವವರಿಗೆ ಮುಂಜಾಗ್ರತೆಗೆ ಕೊಡುವ ಡಾಕ್ಸಿಸೈಕ್ಲಿನ್, ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್ ಎರಡೂ ಚರ್ಮವನ್ನು ಬೆಳಕಿಗೆ ಸೂಕ್ಷ್ಮ ಮಾಡುತ್ತವೆ. ಮೊಡವೆಗೆ ಐಸೊಟ್ರೆಟಿನಾಯಿನ್ ನುಂಗುತ್ತಿರುವವರು, ಗರ್ಭಿಣಿಯರು, ಎದೆ ಭುಜದ ಗಾಯ ಉಬ್ಬಿ ಕೆಲಾಯ್ಡ್ ಆಗುವವರು, ತೊನ್ನು ಅಥವಾ ಸೋರಿಯಾಸಿಸ್ ಇರುವವರು ಊರಲ್ಲೇ ಒಮ್ಮೆ ಕೇಳಿಕೊಂಡು ಹೋಗಬೇಕು. ತೊನ್ನು ಚುರುಕಾಗಿದ್ದಾಗ ಚರ್ಮಕ್ಕೆ ಎಲ್ಲಿ ಪೆಟ್ಟು ಬಿದ್ದರೆ ಅಲ್ಲಿ ಹೊಸ ಬಿಳುಪು ಏಳುವ ಸ್ವಭಾವವಿದೆ. ಕಡಲತೀರದಲ್ಲಿ ಮೂರು ದಿನ ಆಡಿ ನಾಲ್ಕನೇ ದಿನ ಲೇಸರ್ ಎಂಬ ವೇಳಾಪಟ್ಟಿಯಂತೂ ತಲೆಕೆಳಗು. ಬಿಸಿಲಿಗೆ ಕಪ್ಪಾದ ಚರ್ಮ ತಿಳಿಯಾಗಲು ಎರಡರಿಂದ ನಾಲ್ಕು ವಾರ ಕೊಡಬೇಕು.

ಕ್ಲಿನಿಕ್ ಯಾರದು ಎಂದು ನೋಡಿ ಒಳಗೆ ಹೋಗಬೇಕು. ಥಾಯ್ಲೆಂಡ್‌ನ ಕ್ಲಿನಿಕ್‌ಗಳು ಬಾಗಿಲ ಬಳಿ 11 ಅಂಕಿಯ ಪರವಾನಗಿ ಸಂಖ್ಯೆ ಹಾಕಿರಬೇಕು. ದುಬೈನಲ್ಲಿ ದುಬೈ ಹೆಲ್ತ್ ಅಥಾರಿಟಿಯ ಪರವಾನಗಿ ಕ್ಲಿನಿಕ್‌ಗೂ ಬೇಕು, ವೈದ್ಯರಿಗೂ ಬೇಕು. ಕೊರಿಯಾದಲ್ಲಿ ಒಂದು ಸೂಕ್ಷ್ಮವಿದೆ: ‘ಪಿಬುಗ್ವಾ’ ಎಂದರೆ ಚರ್ಮ ವಿಭಾಗ. ಕ್ಲಿನಿಕ್‌ನ ಹೆಸರಿನಲ್ಲೇ ಆ ಪದ ಸೇರಿದ್ದರೆ ನಡೆಸುವವರು ಚರ್ಮತಜ್ಞರು. ಹೆಸರಿನ ಪಕ್ಕದಲ್ಲಿ ‘ಜಿಲ್ಯೊ ಗ್ವಾಮೊಕ್’ ಎಂದು ಬರೆದು ಆಮೇಲೆ ಪಿಬುಗ್ವಾ ಎಂದಿದ್ದರೆ ಅವರು ಚರ್ಮದ ಚಿಕಿತ್ಸೆಯನ್ನೂ ಮಾಡುವ ಬೇರೆ ವೈದ್ಯರು. ಎರಡೂ ಕಾನೂನುಬದ್ಧ. ಆದರೆ 5ರ ಚರ್ಮಕ್ಕೆ ಮೊದಲನೆಯದನ್ನೇ ಆರಿಸಿ. ಒಪ್ಪಿಗೆ ಪತ್ರ ಅರ್ಥವಾಗದ ಭಾಷೆಯಲ್ಲಿದ್ದರೆ ಫೋನಿನ ಅನುವಾದಕ ಹಿಡಿದು ಓದಿ, ಆಮೇಲೆ ಸಹಿ ಹಾಕಿ. ಪ್ರವಾಸದ ವಿಮೆ ಸಾಮಾನ್ಯವಾಗಿ ಸೌಂದರ್ಯ ಚಿಕಿತ್ಸೆಗಾಗಲಿ, ಅದರಿಂದಾಗುವ ತೊಂದರೆಗಾಗಲಿ ಹಣ ಕೊಡುವುದಿಲ್ಲ. ಪಾಲಿಸಿಯಲ್ಲಿ ಆ ಸಾಲು ಹುಡುಕಿ.

ಕಿವಿಯ ಹಿಂದೆ ಅಥವಾ ದವಡೆಯ ಕೆಳಗೆ ಎರಡು ಮೂರು ಹೊಡೆತದ ಪರೀಕ್ಷೆ ಮಾಡಿಸಿ ಕನಿಷ್ಠ ಎರಡು ದಿನ ಕಾಯಿರಿ. ನಮ್ಮ ಬಣ್ಣಕ್ಕೆ ಎರಡು ವಾರ ಕಾಯುವುದು ಇನ್ನೂ ಒಳ್ಳೆಯದು, ಏಕೆಂದರೆ ಬೊಬ್ಬೆ ಅದೇ ದಿನ ಕಂಡರೂ ಕಪ್ಪು ಕಲೆ ನಿಧಾನವಾಗಿ ಏಳುತ್ತದೆ. ಪ್ರವಾಸದಲ್ಲಿ ಎರಡು ದಿನವಾದರೂ ಸಿಗುವಂತೆ ಮೊದಲ ದಿನವೇ ಪರೀಕ್ಷೆ ಮುಗಿಸಬೇಕು. ಅದಕ್ಕೂ ಬಿಡುವಿಲ್ಲದ ಪ್ರವಾಸದಲ್ಲಿ ಲೇಸರ್‌ಗೂ ಬಿಡುವಿಲ್ಲ ಎಂದೇ ತಿಳಿಯಿರಿ.

ಮಲಗಿದ ಮೇಲೆ ಗಮನಿಸಬೇಕಾದದ್ದು ಕಣ್ಣು. ಕೊಡುವ ಕನ್ನಡಕದ ಮೇಲೆ ಆ ತರಂಗಾಂತರದ ಅಂಕಿ ಬರೆದಿರಬೇಕು. ಕೋಣೆಯಲ್ಲಿರುವ ಎಲ್ಲರೂ ಕನ್ನಡಕ ಹಾಕಿರಬೇಕು. ಹುಬ್ಬಿನ ಕೆಳಗೆ, ರೆಪ್ಪೆಯ ಹತ್ತಿರ ಕೂದಲು ತೆಗೆಯಲು ಒಪ್ಪಲೇಬೇಡಿ. ಕಣ್ಣು ಮುಚ್ಚಿದ್ದೇವಲ್ಲ ಎಂದರೆ ಸಾಲದು. ಕಣ್ಣು ಮುಚ್ಚಿದಾಗ ಗುಡ್ಡೆ ಮೇಲಕ್ಕೆ ಹೊರಳುತ್ತದೆ, ಅಂದರೆ ಹುಬ್ಬಿನ ಹತ್ತಿರಕ್ಕೇ ಹೋಗುತ್ತದೆ. ಅದರ ಐರಿಸ್‌ನಲ್ಲಿಯೂ ಕೂದಲಿನಲ್ಲಿರುವ ಮೆಲನಿನ್ನೇ ಇದೆ, ಲೇಸರ್‌ಗೆ ಎರಡರ ಭೇದ ತಿಳಿಯದು. ಮುಖದ ಕುಂಕುಮ, ಕಾಡಿಗೆ, ಸನ್‌ಸ್ಕ್ರೀನ್, ಸೆಂಟು ಎಲ್ಲ ಒರೆಸಿರಬೇಕು. ಹ್ಯಾಂಡ್‌ಪೀಸಿನ ತುದಿಗೆ ಸುಟ್ಟ ಕೂದಲಿನ ಕರಿ ಅಂಟಿಕೊಂಡರೆ ಆ ಕರಿಯೇ ಕಾದು ಚರ್ಮ ಸುಡುತ್ತದೆ. ನಡುನಡುವೆ ತುದಿ ಒರೆಸುತ್ತಾರೆಯೇ, ತಣ್ಣಗಿದೆಯೇ ನೋಡಿ. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಂಥ ಚುರುಕು ಸಹಜ. ಹೊಡೆತದ ನಂತರವೂ ನಿಲ್ಲದೆ ಏರುವ ಉರಿ, ಚರ್ಮ ಬೂದಿಬಿಳಿ ಆಗುವುದು ಸಹಜವಲ್ಲ. ಆಗಲೇ ನಿಲ್ಲಿಸಿ ಎನ್ನಿ. ನೋವು ತಡೆದುಕೊಂಡರೆ ಫಲ ಹೆಚ್ಚು ಎಂಬುದು ತಪ್ಪು ತಿಳಿವಳಿಕೆ.

ಅರಿವಳಿಕೆ ಮುಲಾಮು ಮುಖಕ್ಕೆ 30ರಿಂದ 60 ನಿಮಿಷ ಹಚ್ಚುವುದು ವಾಡಿಕೆ. ಎರಡೂ ಕಾಲಿಗೆ ಬಳಿದು ಪ್ಲಾಸ್ಟಿಕ್ ಸುತ್ತಿ ಕೂರಿಸಿದರೆ ಔಷಧ ರಕ್ತಕ್ಕೆ ಇಳಿಯುತ್ತದೆ. ಹೀಗೆ ಲೇಸರ್‌ಗೆ ಮುನ್ನ ಹಚ್ಚಿಕೊಂಡ ಇಬ್ಬರು ಹೆಣ್ಣುಮಕ್ಕಳ ಸಾವಿನ ನಂತರ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಎಚ್ಚರಿಕೆ ಹೊರಡಿಸಿತು. ತುಟಿ, ನಾಲಿಗೆ ಜೋಮು ಹಿಡಿದರೆ, ಕಿವಿ ಗುಂಯ್‌ಗುಟ್ಟಿದರೆ, ತಲೆ ಸುತ್ತಿದರೆ ಕೂಡಲೇ ಮುಲಾಮು ಒರೆಸಿಸಿ ವೈದ್ಯರನ್ನು ಕರೆಯಿರಿ.

ಮುಗಿದ ಮೇಲೆ ಕೂದಲ ಬುಡದ ಸುತ್ತ ಸಣ್ಣ ಊತ, ಕೆಂಪು ಕೆಲವು ಗಂಟೆಯಿಂದ ಎರಡು ದಿನ ಇರಬಹುದು. ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಿ, ಬರಿ ಐಸ್ ಬೇಡ. ಈಜುಕೊಳ, ಸೌನಾ, ಬಿಸಿನೀರಿನ ಸ್ನಾನ ಎರಡು ದಿನ ಬೇಡ, ಫ್ರಾಕ್ಷನಲ್ ಆದರೆ ಒಂದು ವಾರ. ಫ್ರಾಕ್ಷನಲ್ ಮಾಡಿದ ಮುಖ ಒಣಗಬಾರದು. ದಿನಕ್ಕೆ ನಾಲ್ಕೈದು ಸಲ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಬೇಕು. ಹಕ್ಕಳೆ ಕೀಳಬಾರದು. ಬೊಬ್ಬೆ ಎದ್ದರೆ ಒಡೆಯಬೇಡಿ. ಅರಿಶಿನ, ಟೂತ್‌ಪೇಸ್ಟ್, ಇಂಕು, ಬೂದಿ ಏನನ್ನೂ ಹಚ್ಚಬೇಡಿ. ಮೂರನೇ ದಿನದ ನಂತರ ನೋವು ಹೆಚ್ಚಿದರೆ, ಹಳದಿ ಕೀವು ಕಂಡರೆ, ಗುಂಪಾಗಿ ಸಣ್ಣ ಹುಣ್ಣು ಎದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ಸನ್‌ಸ್ಕ್ರೀನ್ ಎಸ್‌ಪಿಎಫ್ 30ಕ್ಕೆ ಕಡಿಮೆ ಇಲ್ಲದ್ದು, ತೋರುಬೆರಳು ಮತ್ತು ನಡುಬೆರಳ ಉದ್ದಕ್ಕೂ ಹಿಂಡಿದರೆ ಬರುವಷ್ಟು ಮುಖ ಕತ್ತಿಗೆ ಬೇಕು. ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ವಿಮಾನದ ಕಿಟಕಿಯಲ್ಲಿ ಯುವಿ-ಎ ಕಿರಣ ಸ್ವಲ್ಪ ಒಳಗೆ ಬರುತ್ತದೆ, ಹಗಲು ಪ್ರಯಾಣವಾದರೆ ಪರದೆ ಇಳಿಸಿ. ಬಂದ ವಾರವೇ ಸಿದ್ಧಗಂಗೆ ಜಾತ್ರೆಯ ಬಿಸಿಲಲ್ಲಿ ಅಡ್ಡಾಡುವುದೋ, ನಂದಿಬೆಟ್ಟ ಹತ್ತುವುದೋ ಇದ್ದರೆ ಲೇಸರನ್ನೇ ಮುಂದಕ್ಕೆ ಹಾಕಿ.

ಊರಿಗೆ ಬಂದ ಎರಡು ಮೂರು ವಾರಕ್ಕೆ ಹೊಡೆತದ ಆಕಾರದಲ್ಲೇ ಕಪ್ಪು ಕಲೆ ಎದ್ದರೆ ಅದು ಉರಿಯೂತದ ನಂತರದ ಬಣ್ಣ. ಗಾಬರಿಯಿಂದ ಇನ್ನೊಂದು ಲೇಸರ್ ಹೊಡೆಸಿ ಅಳಿಸಲು ಹೋಗಬೇಡಿ, ಅದು ಬೆಂಕಿಗೆ ತುಪ್ಪ. ಸನ್‌ಸ್ಕ್ರೀನ್ ಮತ್ತು ವೈದ್ಯರ ಕ್ರೀಮಿನಿಂದ ಕೆಲವು ತಿಂಗಳಲ್ಲಿ ಹೆಚ್ಚಿನವು ತಿಳಿಯಾಗುತ್ತವೆ. ಆಳಕ್ಕಿಳಿದದ್ದು ವರ್ಷವೂ ಹಿಡಿಯಬಹುದು. ತೋರಿಸಲು ಜಿಲ್ಲಾ ಆಸ್ಪತ್ರೆಯ ಚರ್ಮ ವಿಭಾಗವಿದೆ, ಕೋಲಾರದ ಟಮಕ ಮತ್ತು ತುಮಕೂರಿನ ಅಗಳಕೋಟೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ‘ಸರಿ ಮಾಡಿಕೊಡುತ್ತೇವೆ’ ಎನ್ನುವ ಪಾರ್ಲರ್‌ಗಳಿಗೆ ಹೋಗುವ ಮುನ್ನ ಗೋಡೆಯ ಮೇಲೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆಪಿಎಂಇ) ನೋಂದಣಿ ಪತ್ರ ಇದೆಯೇ ನೋಡಿ. ಹೋಗುವಾಗ ಆ ಚೀಟಿ ಮತ್ತು ಹಳೆಯ ಫೋಟೊ ಜೊತೆಗಿರಲಿ. ಅಲ್ಲಿನ ಅಂಕಿಯನ್ನು ಇಲ್ಲಿನ ಬೇರೆ ಯಂತ್ರಕ್ಕೆ ಹಾಗೇ ಹಾಕುವುದಿಲ್ಲ ನಿಜ, ಆದರೆ ಪೆಟ್ಟು ಎಷ್ಟು ಆಳದ್ದು, ಮುಂದಿನ ಸರದಿ ಮಾಡಬಹುದೇ, ಎಷ್ಟು ವಾರ ಬಿಡಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ.

ಸಂಪಾದಕರೇ, ನಿಮ್ಮದೊಂದು ಸಹಕಾರ ಬೇಕು. ರಜೆಯ ಸಮಯದಲ್ಲಿ ವಿದೇಶ ಪ್ರವಾಸಕ್ಕೆ ಏನೇನು ಒಯ್ಯಬೇಕು ಎಂದು ಪಾಸ್‌ಪೋರ್ಟ್, ವೀಸಾ, ವಿಮೆಯ ಪಟ್ಟಿ ಪ್ರಕಟಿಸುವಾಗ, ತರಬೇಕಾದದ್ದರಲ್ಲಿ ಈ ಒಂದು ಸಾಲನ್ನೂ ಸೇರಿಸಿ: ಯಂತ್ರದ ಹೆಸರು, ತರಂಗಾಂತರ, ಸ್ಪಾಟ್, ಫ್ಲೂಯೆನ್ಸ್, ಪಲ್ಸ್, ಪಾಸ್, ತಂಪು ಮಾಡಿದ ರೀತಿ.

ಇಂತಿ,
ಚರ್ಮ ಚಿಕಿತ್ಸೆಯ ವೃತ್ತಿಯಲ್ಲಿರುವವರು,
ತುಮಕೂರು